ಅರ್ಧ ರನ್‌ವೇಗೆ 40 ನಾಟ್ಸ್: ನನ್ನ ಅನುಭವ

ಪ್ರತಿ ಹಾರಾಟಕ್ಕೂ ಮೊದಲು ನೀಬೋರ್ಡ್ (ತೊಡೆಗೆ ಕಟ್ಟಿಕೊಳ್ಳುವ ಬರೆಯುವ ಹಲಗೆ) ಮೇಲೆ ಎರಡು ಅಂಕಿ ಬರೆದುಕೊಳ್ಳುತ್ತೇನೆ. ಒಂದು, ಆ ಹೊತ್ತಿನ ಡೆನ್ಸಿಟಿ ಆಲ್ಟಿಟ್ಯೂಡ್, ಅಂದರೆ ಗಾಳಿ ಎಷ್ಟು ತೆಳುವಾಗಿದೆ ಅನ್ನುವುದನ್ನು ಎತ್ತರದ ಲೆಕ್ಕದಲ್ಲಿ ಹೇಳುವ ಅಂಕಿ. ಇನ್ನೊಂದು, ಟೇಕಾಫ್‌ಗೆ ಓಡುವಾಗ ಅರ್ಧ ರನ್‌ವೇ ದಾಟುವ ಹೊತ್ತಿಗೆ ಇರಬೇಕಾದ ವೇಗ, ನಾಟ್ಸ್‌ನಲ್ಲಿ (ವಿಮಾನದ ವೇಗದ ಅಳತೆ). ಫ್ಲೈಯಿಂಗ್ ಸ್ಕೂಲ್‌ನ ಬ್ಯಾಚ್‌ನವರು ನಕ್ಕಿದ್ದೇ ನಕ್ಕಿದ್ದು. "ಸೆಸ್ನಾಗೆ ಇಷ್ಟೊಂದು ಲೆಕ್ಕನಾ ಮಗಾ, ಏರ್‌ಬಸ್ ಓಡಿಸ್ತಿದ್ದೀಯಾ?" ಈಗ ಅವರಲ್ಲೇ ಮೂರ್ನಾಲ್ಕು ಜನ ಅದನ್ನೇ ಬರೆದುಕೊಳ್ಳುತ್ತಾರೆ.

ಬೆಂಗಳೂರಿನ ಕಡೆ ನೆಲವೇ ಸುಮಾರು 3000 ಅಡಿ ಎತ್ತರದಲ್ಲಿದೆ ಅಲ್ವಾ. ಏಪ್ರಿಲ್ ಮಧ್ಯಾಹ್ನ 34 ಡಿಗ್ರಿ ಬಿಸಿಲಿದ್ದರೆ ಎಂಜಿನ್‌ಗೂ ರೆಕ್ಕೆಗೂ ಅದು 6000 ಅಡಿ.

ಮೊದಲು ಮೊಬೈಲ್ ಆ್ಯಪ್ ಇಟ್ಟುಕೊಂಡಿದ್ದೆ. ಬಿಸಿಲಿಗೆ ಫೋನ್ ಕಾದು ಆಫ್ ಆಗುತ್ತಿತ್ತು. ಆಮೇಲೆ ವಿಮಾನದ ಹ್ಯಾಂಡ್‌ಬುಕ್‌ನ ಟೇಬಲ್ ಹಿಡಿದು ಎರಡು ಸಾಲಿನ ನಡುವಿನ ಅಂಕಿ ತೆಗೆಯಲು ಹೋದೆ. ತಾಪಮಾನ ಬದಲಾದರೆ ಎಂಜಿನ್ ಓಡುತ್ತಿರುವಾಗಲೇ ಮತ್ತೆ ಲೆಕ್ಕ. ವಿಮಾನಕ್ಕೆ ಗಂಟೆಗೆ ಹನ್ನೆರಡು-ಹದಿಮೂರು ಸಾವಿರ ಕೊಡುವಾಗ ಹೋಲ್ಡಿಂಗ್ ಪಾಯಿಂಟ್‌ನಲ್ಲಿ (ರನ್‌ವೇಗೆ ಹೋಗುವ ಮುಂಚೆ ಕಾಯುವ ಜಾಗ) ಐದು ನಿಮಿಷ ಅಂದರೆ ಸಾವಿರ ರೂಪಾಯಿ ಢಮಾರ್.

ಕೊನೆಗೆ ಉಳಿದಿದ್ದು ಬಾಯಿಲೆಕ್ಕ. 3000 ಅಡಿಯಲ್ಲಿ ಸ್ಟ್ಯಾಂಡರ್ಡ್ ತಾಪಮಾನ 9 ಡಿಗ್ರಿ. ಇವತ್ತಿನ ತಾಪಮಾನದಲ್ಲಿ 9 ಕಳೆದು, 120ರಿಂದ ಗುಣಿಸಿ, 3000 ಕೂಡಿಸಿದರೆ ಆಯಿತು. ಕ್ಯೂಎನ್‌ಎಚ್ (ಸಮುದ್ರ ಮಟ್ಟಕ್ಕೆ ಹೊಂದಿಸಿದ ಗಾಳಿಯ ಒತ್ತಡ) ಸ್ಟ್ಯಾಂಡರ್ಡ್ ಆದ 1013ರ ಆಸುಪಾಸು ಇದ್ದರೆ ಅದನ್ನು ತಲೆಗೆ ಹಚ್ಚಿಕೊಳ್ಳುವುದಿಲ್ಲ.

ವೇಗದ್ದು ಇನ್ನೂ ಸುಲಭ. ನಮ್ಮ ಸೆಸ್ನಾ 172 ಎಸ್ ಮೂಗು ಎತ್ತುವುದು 55 ನಾಟ್ಸ್‌ಗೆ. ಅದರ ಶೇಕಡಾ 70 ಅಂದರೆ 39ರ ಹತ್ತಿರ, ನಾನು 40 ಅಂತ ಬರೆಯುತ್ತೇನೆ. ಅರ್ಧ ರನ್‌ವೇಗೆ ಅಷ್ಟು ಬರಲಿಲ್ಲವೋ, ಥ್ರಾಟಲ್ ಹಿಂದಕ್ಕೆ, ಟೇಕಾಫ್ ರದ್ದು. ಯೋಚನೆಗೆ ಜಾಗವೇ ಇಲ್ಲ. ಬಿಸಿಲಲ್ಲಿ ಅದೇ 55ಕ್ಕೆ ನೆಲ ಜಾಸ್ತಿ ಜೋರಾಗಿ ಓಡಿದ ಹಾಗೆ ಕಾಣುತ್ತದೆ. ಕಣ್ಣು ನಂಬಿ ಬೇಗ ಎಳೆದರೆ, ರೆಕ್ಕೆ ಎತ್ತುವ ಬಲ ಕಳೆದುಕೊಳ್ಳಲಿದೆ ಅಂತ ಎಚ್ಚರಿಸುವ ಸ್ಟಾಲ್ ವಾರ್ನಿಂಗ್ ಕೂಗುತ್ತದೆ.

ಒಂದು ಮಧ್ಯಾಹ್ನ ಅರ್ಧ ದಾಟುವಾಗ ಸೂಜಿ 33ರ ಹತ್ತಿರ ಇತ್ತು. ಎಂಜಿನ್ ಸದ್ದು ಸರಿಯಾಗಿತ್ತು, ಆರ್‌ಪಿಎಂ ಸರಿಯಾಗಿತ್ತು. ಆದರೂ ನಿಲ್ಲಿಸಿ ವಾಪಸ್ ಬಂದೆ. "ಬಿಲ್ ಯಾರು ಕಟ್ತಾರೆ, ನಿನ್ನ ಚೀಟಿನಾ?" ಅಂತ ಸೀನಿಯರ್ ಒಬ್ಬರು ರೇಗಿದರು. ಮೆಕ್ಯಾನಿಕ್ ಅಣ್ಣ ಬಗ್ಗಿ ನೋಡಿದರು. ಎಡಗಡೆ ಚಕ್ರದ ಬ್ರೇಕ್ ಪೂರ್ತಿ ಬಿಡುತ್ತಲೇ ಇರಲಿಲ್ಲ. ಡಿಸ್ಕ್ ಹತ್ತಿರ ಕೈ ಒಯ್ದರೆ ಒಲೆಯ ಮುಂದೆ ಹಿಡಿದ ಹಾಗೆ ಕಾವು. ಆ ಅರ್ಧ ಗಂಟೆಯ ದುಡ್ಡು ನನ್ನ ಲೆಕ್ಕಕ್ಕೇ ಬಿತ್ತು ಅನ್ನಿ. ನಗುವುದು ಮಾತ್ರ ನಿಂತಿತು.

ನಡುವೆ ಸುಮ್ನೆ ಕುತೂಹಲಕ್ಕೆ ಒಂದು ಥರ್ಮಾಮೀಟರ್ ತಂದು ಟಾರ್ಮ್ಯಾಕ್ ಮೇಲೆ ಇಟ್ಟು ನೋಡಿದೆ. 50ರ ಹತ್ತಿರ ಏರಿತು, ಯಾವ ಕೆಲಸಕ್ಕೂ ಬರಲಿಲ್ಲ. ಟವರ್ ಕೊಡುವ ತಾಪಮಾನವೇ ಸಾಕು. ಬೆಳಗ್ಗೆ ಆರೂವರೆಗೂ ಮಧ್ಯಾಹ್ನ ಎರಡಕ್ಕೂ ಅದೇ ವಿಮಾನ, ಹೆಚ್ಚುಕಮ್ಮಿ ಅದೇ ತೂಕದಲ್ಲಿ ಏರಿಕೆ ಬರೆದಿಟ್ಟೆ. ನೆನಪಿನಿಂದ ಹೇಳುವುದಾದರೆ, ನಿಮಿಷಕ್ಕೆ ಬೆಳಗ್ಗೆ ಆರುನೂರು ಚಿಲ್ಲರೆ ಅಡಿ, ಮಧ್ಯಾಹ್ನ ನಾನೂರು ಚಿಲ್ಲರೆ. ಮಿಕ್ಸ್ಚರ್ ಲೀನ್ ಮಾಡಿ (ತೆಳು ಗಾಳಿಗೆ ತಕ್ಕಂತೆ ಇಂಧನ ಕಡಿಮೆ ಮಾಡಿ) ಗರಿಷ್ಠ ಆರ್‌ಪಿಎಂ ತೆಗೆದುಕೊಂಡ ಮೇಲಿನ ಅಂಕಿ ಇದು. ಸಮುದ್ರ ಮಟ್ಟದಲ್ಲಿ ಕಲಿತು ಬಂದವರು ಇಲ್ಲೂ ಫುಲ್ ರಿಚ್‌ನಲ್ಲೇ, ಇಂಧನ ಪೂರ್ತಿ ಬಿಟ್ಟುಕೊಂಡೇ ಹೊರಡುತ್ತಾರೆ. ಇರುವ ಅಷ್ಟಿಷ್ಟು ಪವರ್ ಕೂಡ ಅಲ್ಲೇ ಹೋಯಿತು.

ಬೋರ್ಡ್ ಇಲ್ಲದ ರನ್‌ವೇಯಲ್ಲಿ ಅರ್ಧ ಎಲ್ಲಿ ಅಂತ ಹೇಗೆ ಗುರುತಿಸುತ್ತೇನೆ? ಅದೊಂದು ನನ್ನಲ್ಲೇ ಇರಲಿ. ನಿಮ್ಮ ಇನ್‌ಸ್ಟ್ರಕ್ಟರ್ ಜೊತೆ ಒಂದು ಸಲ ರನ್‌ವೇ ಉದ್ದಕ್ಕೂ ಟ್ಯಾಕ್ಸಿ ಮಾಡಿದರೆ ನಿಮಗೇ ಹೊಳೆಯುತ್ತದೆ.

ಇನ್ನೊಂದು ಮಾತು. ಅರ್ಧಕ್ಕೆ 40 ಬಂದರೆ ನೆಲ ಬಿಡುತ್ತೀರಿ, ಅಷ್ಟೇ. ಆಚೆಗಿನ ತೆಂಗಿನ ಮರ ದಾಟುತ್ತೀರಿ ಅಂತೇನಿಲ್ಲ. ಅದಕ್ಕೆ ಹ್ಯಾಂಡ್‌ಬುಕ್ ಟೇಬಲ್‌ನ 50 ಅಡಿ ಕಾಲಂ (50 ಅಡಿ ಎತ್ತರದ ಅಡ್ಡಿ ದಾಟಲು ಬೇಕಾದ ದೂರ) ಅನ್ನು ಹೊರಡುವ ಮುಂಚೆ ರೂಮಿನಲ್ಲೇ ಕೂತು ನೋಡಿ. ಆ ಅಂಕಿ ಹೊಸ ವಿಮಾನದ್ದು, ಪಳಗಿದ ಪೈಲಟ್‌ನ ಕೈಯದ್ದು. ನಮ್ಮ ಹಳೇ ಗಾಡಿಗೆ ನಾನು ಮೂರನೇ ಒಂದು ಭಾಗ ಮೇಲೆ ಸೇರಿಸುತ್ತೇನೆ. ಅಷ್ಟಕ್ಕೂ ರನ್‌ವೇ ಸಾಲದು ಅಂತ ಬಂದರೆ ಟ್ಯಾಂಕ್ ತುಂಬಿಸುವುದಿಲ್ಲ, ಇಲ್ಲವೇ ಬೆಳಗಿನ ಸ್ಲಾಟ್ ಕೇಳುತ್ತೇನೆ.