ವಿಮಾನ ಇಳಿದಾಯ್ತು, ಊರೊಳಗೆ ಸೇರುವುದು ಹೇಗೆ?

ವಿಮಾನದ ಟಿಕೆಟ್‌ಗಾಗಿ ಹತ್ತು ವೆಬ್‌ಸೈಟ್ ಜಾಲಾಡುತ್ತೇವೆ, ಹೋಟೆಲ್‌ಗಾಗಿ ಇನ್ನೂ ಹತ್ತು. ಇವೆರಡರ ನಡುವೆ ಉಳಿಯುವ ಮೂವತ್ತು ನಲವತ್ತು ಕಿಲೋಮೀಟರನ್ನು ಮಾತ್ರ ‘ಅಲ್ಲಿ ಹೋದ ಮೇಲೆ ನೋಡಿಕೊಂಡರಾಯ್ತು’ ಎಂದು ಬಿಟ್ಟುಬಿಡುತ್ತೇವೆ. ಹೊಸ ಊರಿಗೆ ಹೋದವರು ದಾರಿ ತಪ್ಪುವುದು, ಅನಗತ್ಯವಾಗಿ ದುಡ್ಡು ಕಳೆದುಕೊಳ್ಳುವುದು ಹೆಚ್ಚಾಗಿ ಈ ತುಣುಕಿನಲ್ಲೇ. ರಾತ್ರಿಯೆಲ್ಲ ನಿದ್ದೆಗೆಟ್ಟಿರುತ್ತೀರಿ, ಎರಡೂ ಕೈಗೆ ಲಗೇಜು, ಫೋನಿನಲ್ಲಿ ನೆಟ್‌ವರ್ಕ್ ಇಲ್ಲ, ಎದುರಿಗೆ ಓದಲು ಬಾರದ ಲಿಪಿಯ ಬೋರ್ಡು. ತೀರ್ಮಾನ ತೆಗೆದುಕೊಳ್ಳುವ ಹೊತ್ತಲ್ಲ ಅದು. ತೀರ್ಮಾನ ಮನೆಯಲ್ಲೇ ಆಗಿರಬೇಕು, ಅಲ್ಲಿ ಇಳಿದ ಮೇಲೆ ಅದರಂತೆ ನಡೆದರೆ ಸಾಕು. ಅದಕ್ಕೆ ಏನೇನು ಮಾಡಬೇಕು, ಒಂದೊಂದಾಗಿ ನೋಡೋಣ.

1. ಯಾವ ನಿಲ್ದಾಣ, ಯಾವ ಟರ್ಮಿನಲ್?

ಟಿಕೆಟ್ ಮೇಲಿನ ಊರಿನ ಹೆಸರೊಂದನ್ನೇ ನಂಬಬೇಡಿ. ಫ್ರಾಂಕ್‌ಫರ್ಟ್–ಹಾನ್ ಎಂಬ ವಿಮಾನ ನಿಲ್ದಾಣ ಇರುವುದು ಫ್ರಾಂಕ್‌ಫರ್ಟ್ ನಗರದಿಂದ ಸುಮಾರು 120 ಕಿ.ಮೀ. ಆಚೆ. ಪ್ಯಾರಿಸ್‌ನ ಹೆಸರು ಹೊತ್ತ ಬೋವೆ ನಿಲ್ದಾಣ ಸುಮಾರು 85 ಕಿ.ಮೀ., ಸ್ಟಾಕ್‌ಹೋಮ್‌ನ ಹೆಸರಿನ ಸ್ಕಾವ್‌ಸ್ಟಾ ಸುಮಾರು 100 ಕಿ.ಮೀ. ದೂರ. ಟಿಕೆಟ್ ಅಗ್ಗ ಎಂದು ಕೊಂಡು, ಉಳಿಸಿದ್ದನ್ನೆಲ್ಲ ಬಸ್ಸಿಗೆ ಕೊಟ್ಟು, ಜೊತೆಗೆ ಅರ್ಧ ದಿನವನ್ನೂ ಕಳೆದುಕೊಂಡವರು ಬಹಳ ಮಂದಿ.

ಒಂದೇ ಊರಿಗೆ ಹಲವು ನಿಲ್ದಾಣಗಳಿರುವುದೂ ಉಂಟು. ಟೋಕಿಯೊದ ನರಿತಾ ನಗರದ ನಡುಭಾಗದಿಂದ ಸುಮಾರು 60 ಕಿ.ಮೀ. ದೂರವಿದ್ದರೆ, ಹನೇಡಾ ಸುಮಾರು 15 ಕಿ.ಮೀ. ಮಿಲಾನ್‌ನ ಮಾಲ್ಪೆನ್ಸಾ ಸುಮಾರು 50 ಕಿ.ಮೀ. ಆಚೆಗಿದೆ, ಲಿನಾಟೆಯಾದರೋ ಊರಿಗೆ ಅಂಟಿಕೊಂಡಂತಿದೆ. ಆದ್ದರಿಂದ ಟಿಕೆಟ್‌ನಲ್ಲಿರುವ ಮೂರಕ್ಷರದ ಕೋಡ್ ನೋಡಿ, ಅದೇ ನಿಲ್ದಾಣವನ್ನು ನಕ್ಷೆಯಲ್ಲಿ ಹುಡುಕಿ.

ಟರ್ಮಿನಲ್ ಯಾವುದೆಂದೂ ಬರೆದಿಟ್ಟುಕೊಳ್ಳಿ. ಲಂಡನ್ನಿನ ಹೀಥ್ರೂನಲ್ಲಿ 2 ಮತ್ತು 3ನೇ ಟರ್ಮಿನಲ್‌ಗಳಿಗೆ ಒಂದು ರೈಲು ನಿಲ್ದಾಣ, 4ಕ್ಕೆ ಬೇರೆ, 5ಕ್ಕೆ ಬೇರೆ. ಪ್ಯಾರಿಸ್‌ನ ಷಾರ್ಲ್ ದ ಗಾಲ್‌ನಲ್ಲಿ 1ನೇ ಟರ್ಮಿನಲ್‌ಗೆ ಬಂದಿಳಿದವರು ಮೊದಲು ಉಚಿತ ಷಟಲ್ ರೈಲು ಹತ್ತಿ, ಆಮೇಲೆ ಊರಿನ ರೈಲು ಹಿಡಿಯಬೇಕು. ಇಂಥದ್ದು ಮೊದಲೇ ಗೊತ್ತಿದ್ದರೆ ಅಲ್ಲಿ ನಿಂತು ಗಾಬರಿಯಾಗುವುದಿಲ್ಲ.

2. ಹೋಟೆಲ್ ಬಾಗಿಲಿನಿಂದ ಹಿಂದಕ್ಕೆ ಲೆಕ್ಕ ಹಾಕಿ

ಈ ಲೇಖನದಲ್ಲಿ ನೀವು ಒಂದೇ ಭಾಗ ಓದುವುದಾದರೆ ಇದನ್ನು ಓದಿ. ‘ನಗರ ಕೇಂದ್ರಕ್ಕೆ 15 ನಿಮಿಷ’ ಎಂಬ ಜಾಹೀರಾತು ಸುಳ್ಳಲ್ಲ. ಆದರೆ ನೀವು ಹೋಗಬೇಕಾದದ್ದು ಆ ಕೇಂದ್ರಕ್ಕಲ್ಲ, ನೀವು ಇಳಿದುಕೊಳ್ಳುವ ಜಾಗದ ಬಾಗಿಲಿಗೆ.

ಹೀಥ್ರೂವನ್ನೇ ನೋಡಿ. ಹೀಥ್ರೂ ಎಕ್ಸ್‌ಪ್ರೆಸ್ 15 ನಿಮಿಷದಲ್ಲಿ ಪ್ಯಾಡಿಂಗ್ಟನ್ ನಿಲ್ದಾಣಕ್ಕೆ ಮುಟ್ಟಿಸುತ್ತದೆ. ನಿಮ್ಮ ಹೋಟೆಲು ಪ್ಯಾಡಿಂಗ್ಟನ್ ಪಕ್ಕದಲ್ಲೇ ಇದ್ದರೆ ಅದಕ್ಕಿಂತ ಸುಖ ಇನ್ನೊಂದಿಲ್ಲ. ಹೋಟೆಲು ಲಿವರ್‌ಪೂಲ್ ಸ್ಟ್ರೀಟ್ ಕಡೆ ಇದ್ದರೆ? 2022ರಲ್ಲಿ ಶುರುವಾದ ಎಲಿಜಬೆತ್ ಲೈನ್ ಹಿಡಿದರೆ ರೈಲು ಸ್ವಲ್ಪ ನಿಧಾನವಾದರೂ ಎಲ್ಲೂ ಇಳಿದು ಹತ್ತುವ ಗೋಜಿಲ್ಲ, ಖರ್ಚೂ ಕಡಿಮೆ. ರಸೆಲ್ ಸ್ಕ್ವೇರ್ ಅಥವಾ ಕಿಂಗ್ಸ್ ಕ್ರಾಸ್ ಹತ್ತಿರ ಇದ್ದರೆ ಎಲ್ಲಕ್ಕಿಂತ ನಿಧಾನವಾದ ಪಿಕಡಿಲಿ ಲೈನ್ ನೇರವಾಗಿ ಅಲ್ಲಿಗೇ ಬರುತ್ತದೆ. ಸುಮಾರು ಒಂದು ಗಂಟೆ ಹಿಡಿಯುತ್ತದೆ ನಿಜ, ಆದರೆ ಹತ್ತಿ ಕೂತರೆ ಮುಗಿಯಿತು.

ಶಾಂಘೈನ ಪುಡಾಂಗ್ ವಿಮಾನ ನಿಲ್ದಾಣದ ಮ್ಯಾಗ್ಲೆವ್ (ಅಯಸ್ಕಾಂತದ ಬಲದಿಂದ ಹಳಿಗೆ ತಾಗದೆ ಓಡುವ) ರೈಲು 30 ಕಿ.ಮೀ. ದೂರವನ್ನು ಎಂಟು ನಿಮಿಷದ ಆಸುಪಾಸಿನಲ್ಲಿ ಕ್ರಮಿಸುತ್ತದೆ. ನೋಡಲೇಬೇಕಾದ ರೈಲು. ಆದರೆ ಅದು ನಿಲ್ಲುವುದು ಲಾಂಗ್‌ಯಾಂಗ್ ರೋಡ್‌ನಲ್ಲಿ. ಅಲ್ಲಿಂದ ನಗರದ ನಡುಭಾಗಕ್ಕೆ ಮೆಟ್ರೊ ಹಿಡಿಯಬೇಕು. ಮ್ಯೂನಿಕ್‌ನಲ್ಲಿ ವಿಮಾನ ನಿಲ್ದಾಣದಿಂದ ಎಸ್1, ಎಸ್8 ಎಂಬ ಎರಡು ರೈಲುಗಳು ಊರಿಗೆ ಬರುತ್ತವೆ, ಒಂದು ಪಶ್ಚಿಮದ ಕಡೆಯಿಂದ, ಇನ್ನೊಂದು ಪೂರ್ವದ ಕಡೆಯಿಂದ. ಪೂರ್ವದ ಓಸ್ಟ್‌ಬಾನ್‌ಹೋಫ್ ಬಳಿ ಉಳಿಯುವವರು ಎಸ್8 ಹತ್ತಿದರೆ ಇಡೀ ಊರನ್ನು ಹಾದುಬರುವುದು ತಪ್ಪುತ್ತದೆ.

ಹೀಗಾಗಿ ಪ್ರತಿಯೊಂದು ದಾರಿಗೂ ಮೂರು ಪ್ರಶ್ನೆ ಹಾಕಿ. ಎಷ್ಟು ಕಡೆ ರೈಲು ಬದಲಿಸಬೇಕು? ಬದಲಿಸುವ ಕಡೆ ಲಿಫ್ಟ್ ಇದೆಯೇ? ಕೊನೆಯ ನಿಲ್ದಾಣದಿಂದ ಹೋಟೆಲಿಗೆ ಎಷ್ಟು ನಡಿಗೆ? ಲಗೇಜಿನ ಜೊತೆ ಪ್ರತಿ ಬದಲಾವಣೆಗೆ ಹತ್ತು ಹದಿನೈದು ನಿಮಿಷ ಸೇರಿಸಿಕೊಳ್ಳಿ. ಹಳೆಯ ಮೆಟ್ರೊಗಳಲ್ಲಿ ಲಿಫ್ಟ್ ಇಲ್ಲದ ನಿಲ್ದಾಣಗಳು ಈಗಲೂ ಬೇಕಾದಷ್ಟಿವೆ. ಇಪ್ಪತ್ಮೂರು ಕಿಲೋ ಸೂಟ್‌ಕೇಸನ್ನು ಮೆಟ್ಟಿಲ ಮೇಲೆ ಎತ್ತಿಕೊಂಡು ಹೋಗುವ ಶಕ್ತಿ ರಾತ್ರಿಯಿಡೀ ಪ್ರಯಾಣ ಮಾಡಿದವರಲ್ಲಿ ಉಳಿದಿರುವುದಿಲ್ಲ.

ದುಡ್ಡಿನ ಲೆಕ್ಕವನ್ನೂ ಇಲ್ಲೇ ಮಾಡಿ. ರೈಲಿಗೆ ತಲೆಗೊಂದು ಟಿಕೆಟ್, ಟ್ಯಾಕ್ಸಿಗೆ ಗಾಡಿಗೊಂದು ಬಾಡಿಗೆ. ಒಬ್ಬರೇ ಇದ್ದರೆ ರೈಲು ಬಹುತೇಕ ಯಾವಾಗಲೂ ಅಗ್ಗ. ನಾಲ್ವರಿದ್ದರೆ ದುಬಾರಿ ಎಕ್ಸ್‌ಪ್ರೆಸ್ ರೈಲಿನ ನಾಲ್ಕು ಟಿಕೆಟ್‌ಗೂ ಒಂದು ಟ್ಯಾಕ್ಸಿಗೂ ಅಂಥ ವ್ಯತ್ಯಾಸ ಇರಲಿಕ್ಕಿಲ್ಲ. ವಯಸ್ಸಾದ ಅಪ್ಪ ಅಮ್ಮ ಅಥವಾ ಮಡಿಲಲ್ಲಿ ಮಗು ಇದ್ದರಂತೂ ಟ್ಯಾಕ್ಸಿಯನ್ನು ದುಂದುವೆಚ್ಚ ಎಂದುಕೊಳ್ಳಲೇಬೇಡಿ. ಅವರು ದಣಿಯದೆ ತಲುಪುವುದು ಉಳಿಸುವ ದುಡ್ಡಿಗಿಂತ ದೊಡ್ಡದು.

ಯಾರೋ ಹಿಂದೆ ಹೋಗಿ ಬಂದವರು ಹೇಳಿದ ದಾರಿಯನ್ನು ಒಮ್ಮೆ ಪರಿಶೀಲಿಸಿ. ಪ್ಯಾರಿಸ್‌ನ ಓರ್ಲಿ ನಿಲ್ದಾಣಕ್ಕೆ 14ನೇ ಮೆಟ್ರೊ ಮಾರ್ಗ ಬಂದದ್ದು 2024ರ ಜೂನ್‌ನಲ್ಲಿ. ಅದಕ್ಕೆ ಮೊದಲಿನ ಸಲಹೆಗಳೆಲ್ಲ ಈಗ ಸುತ್ತುಬಳಸಿನ ದಾರಿಗಳು.

3. ಕೊನೆಯ ರೈಲು ಎಷ್ಟು ಹೊತ್ತಿಗೆ?

ವಿಮಾನ ನೆಲ ಮುಟ್ಟುವ ಹೊತ್ತಿಗೂ ನೀವು ಹೊರಬಾಗಿಲಿಗೆ ಬರುವ ಹೊತ್ತಿಗೂ ಬಹಳ ಅಂತರವಿದೆ. ವಿಮಾನ ಗೇಟಿಗೆ ಬರಬೇಕು, ಇಮಿಗ್ರೇಷನ್ ಸಾಲು ಕರಗಬೇಕು, ಬ್ಯಾಗು ಬರಬೇಕು. ವಿದೇಶದಿಂದ ಬಂದಿಳಿಯುವವರು ಒಂದೂವರೆ ಗಂಟೆ ಹಿಡಿದುಕೊಂಡರೆ ಕ್ಷೇಮ. ರಾತ್ರಿ ಹತ್ತೂವರೆಗೆ ಇಳಿಯುವ ವಿಮಾನ ಎಂದರೆ ನೀವು ಹೊರಬರುವುದು ಹನ್ನೆರಡಕ್ಕೆ. ಟೋಕಿಯೊದಲ್ಲಿ ಆ ಹೊತ್ತಿಗೆ ರೈಲುಗಳು ನಿಲ್ಲುತ್ತಾ ಬಂದಿರುತ್ತವೆ, ಮತ್ತೆ ಶುರುವಾಗುವುದು ಬೆಳಗಿನ ಐದರ ಸುಮಾರಿಗೆ. ಕೋಪನ್‌ಹೇಗನ್‌ನಲ್ಲಾದರೆ ಮೆಟ್ರೊ ಇಪ್ಪತ್ನಾಲ್ಕು ಗಂಟೆಯೂ ಓಡುತ್ತದೆ. ಒಂದೊಂದು ಊರಿನದು ಒಂದೊಂದು ಕ್ರಮ, ಭಾನುವಾರ ಮತ್ತು ರಜಾದಿನಗಳದು ಬೇರೆಯೇ.

ಅದಕ್ಕೇ ಎರಡು ಯೋಜನೆ ಇರಲಿ. ಇಂತಿಷ್ಟು ಗಂಟೆಯೊಳಗೆ ಹೊರಬಂದರೆ ರೈಲು, ಅದು ಮೀರಿದರೆ ರಾತ್ರಿ ಬಸ್ಸು ಅಥವಾ ಟ್ಯಾಕ್ಸಿ. ಆ ಗಂಟೆಯನ್ನು ಬರೆದಿಟ್ಟುಕೊಳ್ಳಿ. ನಡುರಾತ್ರಿ ಕಳೆದು ತಲುಪುವವರು ಹೋಟೆಲಿಗೂ ಒಂದು ಮಾತು ತಿಳಿಸಿಡುವುದು ಒಳ್ಳೆಯದು. ಸಣ್ಣ ಹೋಟೆಲುಗಳಲ್ಲಿ ರಾತ್ರಿಯಿಡೀ ರಿಸೆಪ್ಷನ್ ಇರುವುದಿಲ್ಲ.

4. ಹೊರಡುವ ಮೊದಲು ಫೋನಿಗೆ, ಕಾಗದಕ್ಕೆ

ಗೂಗಲ್ ಮ್ಯಾಪ್ಸ್‌ನಲ್ಲಿ ಊರಿನ ನಕ್ಷೆಯನ್ನು ಡೌನ್‌ಲೋಡ್ ಮಾಡಿಕೊಂಡರೆ ಎಲ್ಲ ಸಿಕ್ಕಿತು ಎಂದು ತಿಳಿಯಬೇಡಿ. ಇಂಟರ್ನೆಟ್ ಇಲ್ಲದಾಗ ಅದು ರೈಲು, ಬಸ್ಸಿನ ದಾರಿ ತೋರಿಸುವುದಿಲ್ಲ. ನೀವು ಆರಿಸಿಕೊಂಡ ದಾರಿಯನ್ನು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ರೈಲಿನ ಹೆಸರು, ಹೋಗುವ ದಿಕ್ಕು, ಇಳಿಯುವ ನಿಲ್ದಾಣ, ಅಲ್ಲಿ ಯಾವ ಗೇಟಿನಿಂದ ಹೊರಬರಬೇಕು, ಇಷ್ಟೂ ಅದರಲ್ಲಿರಲಿ. ಚೀನಾದಲ್ಲಿ ಗೂಗಲ್ ಸೇವೆಗಳೇ ಇಲ್ಲ, ಅಲ್ಲಿಗೆ ಬೇರೆ ಮ್ಯಾಪ್ ಬೇಕು.

ಹೋಟೆಲಿನ ಹೆಸರು, ವಿಳಾಸ, ಫೋನ್ ನಂಬರನ್ನು ಆ ಊರಿನ ಲಿಪಿಯಲ್ಲೇ ಒಂದು ಚೀಟಿಯ ಮೇಲೆ ಬರೆದೋ ಪ್ರಿಂಟ್ ತೆಗೆದೋ ಇಟ್ಟುಕೊಳ್ಳಿ. ಬ್ಯಾಟರಿ ಮುಗಿದ ಫೋನು ಯಾವ ಡ್ರೈವರಿಗೂ ದಾರಿ ಹೇಳುವುದಿಲ್ಲ.

ಕ್ಯಾಬ್ ಆ್ಯಪ್ ಬಳಸುವವರು ಆ ದೇಶದಲ್ಲಿ ಯಾವುದು ನಡೆಯುತ್ತದೆಂದು ನೋಡಿ. ಆಗ್ನೇಯ ಏಷ್ಯಾದಲ್ಲಿ ಗ್ರ್ಯಾಬ್, ಚೀನಾದಲ್ಲಿ ಡಿಡಿ. ನೋಂದಣಿಯನ್ನೂ ಕಾರ್ಡ್ ಸೇರಿಸುವುದನ್ನೂ ಹೊರಡುವ ಮೊದಲೇ ಮುಗಿಸಿ. ಒಟಿಪಿ ಬರುವುದು ನಿಮ್ಮ ಹಳೆಯ ಸಿಮ್‌ಗೆ. ಅಲ್ಲಿ ಹೋಗಿ ಸಿಮ್ ಬದಲಿಸಿದ ಮೇಲೆ ಒಟಿಪಿಗಾಗಿ ಕಾಯುತ್ತಾ ನಿಲ್ಲುವ ಪಾಡು ಬೇಡ.

5. ಹೊರಗೆ ಕಾಲಿಡುವ ಮುನ್ನ

ಬ್ಯಾಗು ಕೈಗೆ ಬಂದ ಕೂಡಲೇ ಓಡಬೇಡಿ. ಶೌಚಾಲಯ, ಕುಡಿಯುವ ನೀರು, ವೈ-ಫೈ ಈ ಮೂರೂ ಒಳಗೇ ಮುಗಿಯಲಿ. ಮನೆಯವರಿಗೊಂದು ಮೆಸೇಜು ಹಾಕಿ. ನೋಟು ಬೇಕಿದ್ದರೆ ಹಣ ಬದಲಿಸುವ ಕೌಂಟರಿಗಿಂತ ಬ್ಯಾಂಕಿನ ಎಟಿಎಂನಲ್ಲಿ ಸಾಮಾನ್ಯವಾಗಿ ಒಳ್ಳೆಯ ದರ ಸಿಗುತ್ತದೆ. ‘ನಿಮ್ಮ ದೇಶದ ಕರೆನ್ಸಿಯಲ್ಲಿ ಲೆಕ್ಕ ಹಾಕಲೇ?’ ಎಂದು ಯಂತ್ರ ಕೇಳಿದರೆ ಬೇಡ ಎನ್ನಿ, ಅಲ್ಲಿನ ಕರೆನ್ಸಿಯನ್ನೇ ಒತ್ತಿ. ಹೂಂ ಎಂದರೆ ಯಂತ್ರದವರು ತಮಗೆ ಬೇಕಾದ ದರ ಹಾಕುತ್ತಾರೆ. ಮೊದಲ ದಿನಕ್ಕೆ ಸಾಕಾಗುವಷ್ಟು ತೆಗೆದರೆ ಸಾಕು.

ಟಿಕೆಟ್ ಮೆಷಿನ್ ಮುಂದೆ ಜನ ಹಿಂದೆ ನಿಂತಿದ್ದಾರೆಂದು ಅವಸರಪಡಬೇಡಿ. ಮೊದಲು ಭಾಷೆ ಬದಲಿಸಿ, ಸಾಮಾನ್ಯವಾಗಿ ಪರದೆಯ ಮೂಲೆಯಲ್ಲಿ ಬಾವುಟದ ಗುರುತಿರುತ್ತದೆ. ಮೊದಲ ಪರದೆಯಲ್ಲಿ ದೊಡ್ಡದಾಗಿ ಕಾಣುವುದು ಹಲವು ಕಡೆ ದುಬಾರಿ ಎಕ್ಸ್‌ಪ್ರೆಸ್ ಟಿಕೆಟ್. ನೀವು ಬರೆದುಕೊಂಡು ಬಂದ ರೈಲಿನ ಹೆಸರನ್ನೇ ಹುಡುಕಿ. ಕೆಲವು ವಿಮಾನ ನಿಲ್ದಾಣಗಳಲ್ಲಿ ರೈಲು ದರದ ಮೇಲೆ ನಿಲ್ದಾಣ ಬಳಸಿದ್ದಕ್ಕೇ ಪ್ರತ್ಯೇಕ ಶುಲ್ಕವಿರುತ್ತದೆ. ಸ್ಟಾಕ್‌ಹೋಮ್‌ನ ಅರ್ಲಾಂಡಾ, ಸಿಡ್ನಿ, ಬ್ರಸೆಲ್ಸ್ ಮೂರರಲ್ಲೂ ಹೀಗಿದೆ. ನಗರದೊಳಗಿನ ಸಾಮಾನ್ಯ ಟಿಕೆಟ್ ಕೊಂಡರೆ ಗೇಟಿನಲ್ಲಿ ಸಿಕ್ಕಿಬೀಳುತ್ತೀರಿ.

ಮ್ಯೂನಿಕ್‌ನಂಥ ಊರುಗಳಲ್ಲಿ ಗೇಟೇ ಇರುವುದಿಲ್ಲ. ಯಾರೂ ಕೇಳಲಿಲ್ಲವೆಂದು ನೇರ ಹತ್ತಿ ಕೂರಬೇಡಿ. ಪ್ಲಾಟ್‌ಫಾರಂಗೆ ಇಳಿಯುವ ಜಾಗದಲ್ಲಿ ಚಿಕ್ಕ ಪೆಟ್ಟಿಗೆಯೊಂದು ಇರುತ್ತದೆ, ಕಾಗದದ ಟಿಕೆಟನ್ನು ಅದರೊಳಗೆ ತೂರಿಸಿ ದಿನಾಂಕ, ಸಮಯದ ಮುದ್ರೆ ಹಾಕಿಸಿಕೊಳ್ಳಬೇಕು. ಮುದ್ರೆಯಿಲ್ಲದ ಟಿಕೆಟ್, ತಪಾಸಣೆಯವರ ಲೆಕ್ಕದಲ್ಲಿ ಟಿಕೆಟ್ಟೇ ಅಲ್ಲ. ಲಂಡನ್ನಿನಲ್ಲಿ ಬ್ಯಾಂಕ್ ಕಾರ್ಡ್ ತೋರಿಸಿದರೆ ಗೇಟು ತೆರೆಯುತ್ತದೆ. ಆದರೆ ಒಬ್ಬರಿಗೆ ಒಂದೇ ಕಾರ್ಡು, ಹೊರಬರುವಾಗಲೂ ಅದೇ ಕಾರ್ಡು. ಒಳಹೋಗುವಾಗ ಕಾರ್ಡು, ಹೊರಬರುವಾಗ ಅದೇ ಕಾರ್ಡಿರುವ ಫೋನು ತೋರಿಸಿದರೂ ಎರಡು ಅರ್ಧ ಪ್ರಯಾಣ ಎಂದು ಲೆಕ್ಕವಾಗಿ ಹೆಚ್ಚು ದುಡ್ಡು ಹೋಗುತ್ತದೆ.

6. ಟ್ಯಾಕ್ಸಿಯೇ ಆದರೆ

ಆಗಮನದ ಬಾಗಿಲು ದಾಟುತ್ತಿದ್ದಂತೆ ‘ಟ್ಯಾಕ್ಸಿ, ಟ್ಯಾಕ್ಸಿ’ ಎನ್ನುತ್ತಾ ಹತ್ತಿರ ಬರುವವರನ್ನು ತಿರುಗಿಯೂ ನೋಡಬೇಡಿ. ಬ್ಯಾಗಿಗೆ ಕೈ ಹಾಕಲು ಬಿಡಲೇಬೇಡಿ. ಪರವಾನಗಿ ಇರುವ ಟ್ಯಾಕ್ಸಿಗಳು ಹೊರಗೆ ಸಾಲಿನಲ್ಲಿ ನಿಂತಿರುತ್ತವೆ, ಜನರೂ ಸಾಲಿನಲ್ಲೇ ನಿಂತಿರುತ್ತಾರೆ. ಸಾಲು ಉದ್ದವಿದ್ದರೂ ಅಲ್ಲೇ ನಿಲ್ಲಿ.

ಕೆಲವು ನಗರಗಳಲ್ಲಿ ಸರ್ಕಾರವೇ ದರ ಗೊತ್ತುಪಡಿಸಿದೆ. ನ್ಯೂಯಾರ್ಕ್‌ನ ಜೆಎಫ್‌ಕೆ ವಿಮಾನ ನಿಲ್ದಾಣದಿಂದ ನಗರದ ನಡುಭಾಗವಾದ ಮ್ಯಾನ್‌ಹಟನ್‌ಗೆ ಹಳದಿ ಟ್ಯಾಕ್ಸಿಯ ಮೂಲ ಬಾಡಿಗೆ ಒಂದೇ, ಅದರ ಮೇಲೆ ಟೋಲ್ ಮುಂತಾದವು ಸೇರುತ್ತವೆ. ಪ್ಯಾರಿಸ್‌ನಲ್ಲಿ 2016ರಿಂದ ನಿಗದಿತ ದರವಿದೆ, ಸೇನ್ ನದಿಯ ಬಲದಂಡೆಗೆ ಒಂದು, ಎಡದಂಡೆಗೆ ಇನ್ನೊಂದು. ನಿಮ್ಮ ಹೋಟೆಲು ಯಾವ ದಂಡೆಯಲ್ಲಿದೆ ಎಂಬುದು ಗೊತ್ತಿದ್ದರೆ ವಾದವೇ ಏಳುವುದಿಲ್ಲ. ನಿಗದಿತ ದರವಿಲ್ಲದ ಕಡೆ, ಗಾಡಿ ಹೊರಡುವ ಮೊದಲು ಮೀಟರ್ ಹಾಕಿದ್ದನ್ನು ಕಣ್ಣಾರೆ ನೋಡಿ. ಇಳಿಯುವಾಗ ರಸೀದಿ ಕೇಳಿ. ಮರೆತ ಬ್ಯಾಗು ಹುಡುಕಲೂ ಅದರಲ್ಲಿರುವ ವಿವರವೇ ಆಧಾರ.

ಆ್ಯಪ್‌ನಲ್ಲಿ ಕರೆಸಿದ ಕ್ಯಾಬು ಬಹಳ ಕಡೆ ಆಗಮನದ ಬಾಗಿಲಿಗೆ ಬರುವುದಿಲ್ಲ, ಪಾರ್ಕಿಂಗ್ ಕಟ್ಟಡದ ಯಾವುದೋ ಮಹಡಿಯಲ್ಲಿ ನಿಲ್ಲುತ್ತದೆ. ಆ ಜಾಗಕ್ಕೆ ತಲುಪಿದ ಮೇಲೆಯೇ ಬುಕ್ ಮಾಡಿ. ನಂಬರ್ ಪ್ಲೇಟ್ ಹೋಲಿಸಿ ನೋಡಿ. ನಿಮ್ಮ ಹೆಸರು ನೀವೇ ಹೇಳಬೇಡಿ, ‘ಯಾರನ್ನು ಕರೆದೊಯ್ಯಲು ಬಂದಿರಿ?’ ಎಂದು ಡ್ರೈವರನ್ನೇ ಕೇಳಿ.

7. ವಾಪಸ್ ಬರುವ ದಾರಿ

ಹೋದ ದಾರಿಯೇ ತಿರುಗಿ ಬರುವ ದಾರಿ ಎಂದುಕೊಳ್ಳುವವರಿಗೆ ಮ್ಯೂನಿಕ್‌ನ ಎಸ್1 ಒಂದು ಎಚ್ಚರಿಕೆ. ವಿಮಾನ ನಿಲ್ದಾಣಕ್ಕೆ ಹೊರಟ ಆ ರೈಲು ನಾಯ್‌ಫಾರ್ನ್ ನಿಲ್ದಾಣದಲ್ಲಿ ಎರಡಾಗುತ್ತದೆ. ಹಿಂದಿನ ಬೋಗಿಗಳು ವಿಮಾನ ನಿಲ್ದಾಣಕ್ಕೆ, ಮುಂದಿನವು ಫ್ರೈಸಿಂಗ್ ಎಂಬ ಬೇರೆ ಊರಿಗೆ. ಹತ್ತುವ ಮೊದಲು ಬೋಗಿಯ ಮೇಲಿನ ಬೋರ್ಡು ಓದಿ. ಮುಂದಿನ ಭಾಗದಲ್ಲಿ ಕೂತಿದ್ದರೆ ನಾಯ್‌ಫಾರ್ನ್‌ನಲ್ಲೇ ಇಳಿದು ಹಿಂದಿನ ಭಾಗಕ್ಕೆ ಹೋಗಿ ಹತ್ತಿ.