ಟಿಕೆಟ್ ಮೊದಲು, ವಿಮಾನ ಆಮೇಲೆ: ಜಪಾನಿನ ಲೈವ್ ಹೌಸ್‌ಗೆ ಹೊರಡುವ ಕರಾವಳಿಯವರಿಗೆ

ವೀಸಾ, ವಿಮಾನ, ಹೋಟೆಲು ಇವೆಲ್ಲ ದುಡ್ಡು ಹೊಂದಿಸಿದರೆ ಆಗುವ ಕೆಲಸ. 250 ಜನ ಹಿಡಿಯುವ ಹಾಲ್‌ನ ಟಿಕೆಟ್ ಹಾಗಲ್ಲ, ಕಿಸೆಯಲ್ಲಿ ದುಡ್ಡಿದ್ದರೂ ಕೈತಪ್ಪುತ್ತದೆ. ಮಂಗಳೂರಿನಲ್ಲೋ ಉಡುಪಿಯಲ್ಲೋ ಕೂತು ಮೆಚ್ಚಿನ ಜಪಾನೀ ಬ್ಯಾಂಡನ್ನು ಹತ್ತಿರದಿಂದ ನೋಡುವ ಲೆಕ್ಕ ಹಾಕುವವರು ರಜೆ ಮಂಜೂರು ಮಾಡಿಸಿ, ವಿಮಾನ ಬುಕ್ ಮಾಡಿ, ಕೊನೆಗೆ ಟಿಕೆಟ್ ಹುಡುಕಲು ಹೊರಟರೆ ಟೋಕಿಯೋದ ಫುಟ್‌ಪಾತಿನಲ್ಲಿ ನಿಂತು ಹಾಲ್‌ನ ಮೆಟ್ಟಿಲು ನೋಡಿ ವಾಪಸು ಬರಬೇಕಾದೀತು. ಸಣ್ಣ ಹಾಲ್‌ನ ಟಿಕೆಟಿಗೆ ಸಾಮಾನ್ಯವಾಗಿ 3500ರಿಂದ 5000 ಯೆನ್. 100 ಯೆನ್‌ಗೆ ಸುಮಾರು 55–60 ರೂಪಾಯಿ ಹಿಡಿದರೂ ಮೂರು ಸಾವಿರದೊಳಗೆ ಮುಗಿಯಿತು. ವೀಸಾ ಸಿಗದೆ ಹೋದರೆ ಹೋಗುವುದು ಅಷ್ಟೇ. ವಿಮಾನದ ದುಡ್ಡು ಹೋದರೆ ಎಷ್ಟೆಂದು ನೀವೇ ಲೆಕ್ಕ ಹಾಕಿ.

ದೊಡ್ಡ ಸ್ಟೇಡಿಯಂ ಬಿಟ್ಟು ಸಣ್ಣ ಹಾಲ್ ಯಾಕೆ ಎಂದು ಬಯಲಾಟ ನೋಡಿ ಬೆಳೆದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ರಂಗಸ್ಥಳದ ಎದುರಿಗೇ ಕೂತು ಎದೆಗೆ ಬಡಿಸಿಕೊಳ್ಳುವ ಚೆಂಡೆಯೇ ಬೇರೆ, ಗದ್ದೆಯಾಚೆ ಮೈಕಿನಲ್ಲಿ ಕೇಳುವ ಚೆಂಡೆಯೇ ಬೇರೆ. ಜಪಾನಿನಲ್ಲಿ ಇಂಥ ಜಾಗಕ್ಕೆ ‘ಲೈವ್ ಹೌಸ್’ ಎನ್ನುತ್ತಾರೆ, ಅವರ ಬಾಯಲ್ಲಿ ‘ರೈಬು ಹೌಸು’. ಬಹಳಷ್ಟು ನೆಲಮಾಳಿಗೆಯಲ್ಲಿರುತ್ತವೆ, ಕುರ್ಚಿ ಇರುವುದಿಲ್ಲ. ಟೋಕಿಯೋದಲ್ಲಿರುವ ಕೆಲವನ್ನು ನೋಡಿ. ಶಿಂಜುಕು ಲಾಫ್ಟ್ 1976ರಲ್ಲಿ ಶುರುವಾಗಿ 1999ರಲ್ಲಿ ಶಿಂಜುಕುವಿನದೇ ಕಾಬುಕಿಚೋ ಬಡಾವಣೆಗೆ ಬಂದದ್ದು. ಶಿಮೊಕಿತಾಝಾವಾದ ಶೆಲ್ಟರ್ 1991ರದು, ಹಿಡಿಯುವುದು 250 ಜನ. ಶಿಬುಯಾದ ಕ್ಲಬ್ ಕ್ವಾತ್ರೋ 1988ರದು. ಎಬಿಸುವಿನ ಲಿಕ್ವಿಡ್ ರೂಮ್‌ಗೆ ಸಾವಿರದ ಹತ್ತಿರ ಜನ ಹೋಗುತ್ತಾರೆ. ಝೆಪ್ ಹೆಸರಿನ ಹಾಲ್‌ಗಳು ಅದಕ್ಕೂ ದೊಡ್ಡವು, ಈ ಬರಹದ ಲೆಕ್ಕಕ್ಕೆ ಬರುವುದಿಲ್ಲ.

ತಾರೀಕು ನೋಡುವ ಮೊದಲು ಕಾರ್ಯಕ್ರಮ ಯಾವ ಜಾತಿಯದು ಎಂದು ನೋಡಿ. ‘ವನ್‌ಮನ್’ ಎಂದಿದ್ದರೆ ಇಡೀ ಸಂಜೆ ನಿಮ್ಮ ಬ್ಯಾಂಡಿನದೇ, ಒಂದೂವರೆಯಿಂದ ಎರಡು ಗಂಟೆ. ‘ತೈಬಾನ್’ ಎಂದಿದ್ದರೆ ಮೂರರಿಂದ ಐದು ಬ್ಯಾಂಡ್, ಒಂದೊಂದಕ್ಕೆ 30 ನಿಮಿಷದ ಆಸುಪಾಸು, ನಡುವೆ ಸಾಮಾನು ಬದಲಿಸಲು 10–15 ನಿಮಿಷ. ನಮ್ಮ ಜೋಡಾಟದ ಹಾಗೆ ಅಕ್ಕಪಕ್ಕ ಒಟ್ಟಿಗೇ ಅಲ್ಲ, ಒಂದಾದ ಮೇಲೊಂದು. ಅರ್ಧ ಗಂಟೆಯ ಆರು ಹಾಡಿಗೆ ಅಷ್ಟು ದೂರ ಹೋಗುವುದೋ ಬೇಡವೋ ನಿಮ್ಮ ಇಷ್ಟ. ಆದರೆ ತೈಬಾನ್‌ಗೆ ಟಿಕೆಟ್ ಸಿಗುವುದು ಎಷ್ಟೋ ಸುಲಭ. ಒಂದೇ ವಾರದಲ್ಲಿ ಒಂದು ವನ್‌ಮನ್, ಒಂದು ತೈಬಾನ್ ಸಿಕ್ಕಿದರೆ ಪ್ರಯಾಣ ಸಾರ್ಥಕ.

ಟಿಕೆಟ್ ಸಿಗುವ ದಾರಿ

ಟೂರ್ ಪ್ರಕಟವಾಗುವುದು ಸಾಮಾನ್ಯವಾಗಿ ಮೂರ್ನಾಲ್ಕು ತಿಂಗಳು ಮೊದಲು. ಮಾರಾಟ ಹಂತ ಹಂತವಾಗಿ ನಡೆಯುತ್ತದೆ. ಮೊದಲು ಫ್ಯಾನ್ ಕ್ಲಬ್ಬಿನವರಿಗೆ, ಆಮೇಲೆ ಬ್ಯಾಂಡಿನ ಜಾಲತಾಣದ ಮೂಲಕ, ಆಮೇಲೆ ಈ-ಪ್ಲಸ್, ಟಿಕೆಟ್ ಪಿಯಾ, ಲಾಸನ್ ಟಿಕೆಟ್‌ನಂಥ ಕಂಪೆನಿಗಳ ಮುಂಗಡ ಮಾರಾಟ. ಇದಕ್ಕೆಲ್ಲ ‘ಸೆಂಕೋ’ ಎನ್ನುತ್ತಾರೆ. ಸೆಂಕೋ ಹೆಚ್ಚಾಗಿ ‘ಚೂಸೆನ್’, ಅಂದರೆ ಲಾಟರಿ. ಅರ್ಜಿ ತೆಗೆದುಕೊಳ್ಳುವ ದಿನಗಳೊಳಗೆ ಯಾವಾಗ ಹಾಕಿದರೂ ಒಂದೇ, ಮೊದಲ ನಿಮಿಷಕ್ಕೆ ಮುಗಿಬೀಳುವುದರಿಂದ ಲಾಭವಿಲ್ಲ. ಗೆದ್ದರೆ ಕಾರ್ಡಿನಿಂದ ತಾನಾಗಿಯೇ ದುಡ್ಡು ಹೋಗುತ್ತದೆ, ರದ್ದು ಮಾಡುವ ಹಾಗಿಲ್ಲ. ಕೊನೆಯದು ‘ಇಪ್ಪಾನ್ ಹತ್ಸುಬಾಯ್’, ಎಲ್ಲರಿಗೂ ತೆರೆದ ಮಾರಾಟ. ಹೆಚ್ಚಾಗಿ ಶನಿವಾರ ಅಲ್ಲಿನ ಬೆಳಿಗ್ಗೆ 10ಕ್ಕೆ, ನಮ್ಮಲ್ಲಿ ಬೆಳಿಗ್ಗೆ 6.30ಕ್ಕೆ. ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದೆ. ಇಲ್ಲಿ ಮಾತ್ರ ಕೈಚುರುಕು ಬೇಕು, ಸಣ್ಣ ಹಾಲ್‌ಗಳು ಕೆಲವು ನಿಮಿಷಗಳಲ್ಲೇ ಮುಗಿಯುವುದುಂಟು.

ಹಂತದ ಮಾತು ಯಾಕೆ ಮುಖ್ಯ ಎಂದರೆ, ಟಿಕೆಟಿನ ಮೇಲೆ ‘ಸೇರಿ ಬಾಂಗೋ’ ಎಂಬ ಕ್ರಮಸಂಖ್ಯೆ ಇರುತ್ತದೆ. ಒಳಗೆ ಬಿಡುವುದು ಆ ಸಂಖ್ಯೆಯ ಪ್ರಕಾರ. ಮೊದಲ ಹಂತದಲ್ಲಿ ಸಿಕ್ಕಿದವರಿಗೆ ಸಣ್ಣ ಸಂಖ್ಯೆ ಬರುವುದು ರೂಢಿ. ಎದುರು ಸಾಲು ಬೇಕೆನ್ನುವವರು ಅದಕ್ಕಾಗಿಯೇ ಫ್ಯಾನ್ ಕ್ಲಬ್ಬಿನ ಚಂದಾ ಕಟ್ಟುತ್ತಾರೆ.

ಈಗ ನಮ್ಮಂಥವರು ಎಡವುವ ಕಡೆ. ಜಪಾನೀ ಟಿಕೆಟ್ ಜಾಲತಾಣಗಳು ಅಲ್ಲಿನ ಮೊಬೈಲ್ ನಂಬರಿಗೆ ಎಸ್‌ಎಂಎಸ್ ಇಲ್ಲವೇ ಕರೆಯ ಮೂಲಕ ಗುರುತು ಖಚಿತ ಮಾಡಿಕೊಳ್ಳುತ್ತವೆ. 070, 080, 090ರಿಂದ ಶುರುವಾಗುವ ನಂಬರು ಬೇಕು. ಪ್ರವಾಸಿಗರಿಗೆ ಮಾರುವ ಡೇಟಾ ಇ-ಸಿಮ್‌ಗಳಲ್ಲಿ ಸಾಮಾನ್ಯವಾಗಿ ಆ ನಂಬರು ಇರುವುದಿಲ್ಲ, ಅದನ್ನು ನಂಬಿ ಹೊರಡಬೇಡಿ. ಎರಡನೆಯ ತೊಡಕು ಹೆಸರು. ಫಾರ್ಮಿನಲ್ಲಿ ಹೆಸರನ್ನು ಕತಾಕಾನಾ ಲಿಪಿಯಲ್ಲಿ, ಅದೂ ಪೂರ್ಣ ಅಗಲದ ಅಕ್ಷರಗಳಲ್ಲಿ ಕೇಳುತ್ತಾರೆ. ಅರ್ಧ ಅಗಲದ ಅಕ್ಷರ ಹಾಕಿದರೆ ನೋಡಲು ಸರಿಯಿದ್ದ ಹಾಗೇ ಕಂಡರೂ ಕೆಂಪು ಗೆರೆ ಬಂದು ನಿಲ್ಲುತ್ತದೆ. ಫೋನಿಗೆ ಜಪಾನೀ ಕೀಬೋರ್ಡ್ ಹಾಕಿಕೊಂಡು, ಹೆಸರು ಒಮ್ಮೆ ಸರಿಯಾಗಿ ಬರೆದು ನೋಟ್ಸ್‌ನಲ್ಲಿ ಇಟ್ಟುಕೊಳ್ಳಿ, ಪ್ರತಿ ಸಲ ಅಲ್ಲಿಂದ ಅಂಟಿಸಿದರಾಯಿತು. (ಭಟ್ಟರಿಗೆ ಒಂದು ಎಚ್ಚರಿಕೆ: ಕತಾಕಾನಾದಲ್ಲಿ ನೀವು ‘ಬತ್ತೋ’, ಕ್ರಿಕೆಟ್ ಬ್ಯಾಟೂ ಅಲ್ಲಿ ಅದೇ.) ಮೂರನೆಯದು ಕಾರ್ಡ್. ವೀಸಾ ಅಥವಾ ಮಾಸ್ಟರ್‌ಕಾರ್ಡ್ ಇರಲಿ, ಬ್ಯಾಂಕಿನ ಆ್ಯಪಿನಲ್ಲಿ ಅಂತರರಾಷ್ಟ್ರೀಯ ಆನ್‌ಲೈನ್ ವ್ಯವಹಾರವನ್ನು ಹಿಂದಿನ ದಿನವೇ ಆನ್ ಮಾಡಿ. ಬೆಳಿಗ್ಗೆ 6.31ಕ್ಕೆ ಅದು ಆಫ್ ಇದೆಯೆಂದು ಗೊತ್ತಾದರೆ ಆ ಟಿಕೆಟ್ ಬಿಟ್ಟಂತೆಯೇ.

ಹಾಗಾದರೆ ದಾರಿ? ಮೊದಲು ಈ-ಪ್ಲಸ್‌ನ ವಿದೇಶೀಯರ ಇಂಗ್ಲಿಷ್ ಪುಟ, ಝೈಕೋ ಎಂಬ ಟಿಕೆಟ್ ಜಾಲತಾಣ ಇವುಗಳಲ್ಲಿ ನಿಮ್ಮ ಬ್ಯಾಂಡಿನ ಕಾರ್ಯಕ್ರಮ ಉಂಟೋ ನೋಡಿ, ಅಲ್ಲಿ ಜಪಾನೀ ಫೋನ್ ನಂಬರಿನ ಗೋಳಿಲ್ಲ. ಎರಡನೆಯದು, ಸಣ್ಣ ಬ್ಯಾಂಡ್‌ಗಳಿಗೆ ಮಾತ್ರ ಸಲ್ಲುವ ಸುಂದರ ಪದ್ಧತಿ ‘ತೋರಿಓಕಿ’: ಬ್ಯಾಂಡಿನವರಿಗೇ ನೇರ ಸಂದೇಶ ಕಳಿಸಿ, ತಾರೀಕು, ಹೆಸರು, ಎಷ್ಟು ಜನ ಎಂದು ತಿಳಿಸಿದರೆ ಹೆಸರು ಬರೆದಿಟ್ಟುಕೊಳ್ಳುತ್ತಾರೆ, ದುಡ್ಡು ಬಾಗಿಲಲ್ಲಿ ಕೊಟ್ಟರಾಯಿತು. ಇದೇ ಕೆಲಸವನ್ನು ಟಿಗೆಟ್ ಎಂಬ ಜಾಲತಾಣವೂ ಮಾಡುತ್ತದೆ. ಸಂದೇಶ ನಾಲ್ಕೇ ಸಾಲಿರಲಿ, ಅಭಿಮಾನದ ಪುರಾಣ ಬೇಡ. ಹೆಸರು ಬರೆಸಿ ಹೋಗದೆ ಇರಬೇಡಿ, ಖಾಲಿ ಉಳಿದ ಟಿಕೆಟಿನ ದುಡ್ಡು ಎಷ್ಟೋ ಸಲ ಬ್ಯಾಂಡಿನವರೇ ಹಾಲ್‌ಗೆ ತುಂಬಬೇಕಾಗುತ್ತದೆ. ಮೂರನೆಯದು ‘ತೋಜಿತ್ಸುಕೆನ್’, ಅದೇ ದಿನ ಬಾಗಿಲಲ್ಲಿ ಮಾರುವ ಟಿಕೆಟ್, ಉಳಿದಿದ್ದರೆ ಮಾತ್ರ. ಕಾಳಸಂತೆ ಬೇಡವೇ ಬೇಡ. ಮೂಲ ಬೆಲೆಗಿಂತ ಹೆಚ್ಚಿಗೆ ಮರುಮಾರಾಟ ಮಾಡುವುದನ್ನು ತಡೆಯುವ ಕಾನೂನು ಜಪಾನಿನಲ್ಲಿ 2019ರ ಜೂನ್ 14ರಿಂದ ಜಾರಿಯಲ್ಲಿದೆ, ಹೆಸರು ತಾಳೆ ನೋಡಿ ಬಾಗಿಲಲ್ಲೇ ತಿರುಗಿಸಿ ಕಳಿಸುವುದೂ ಉಂಟು.

ಫೋನಿನ ಟಿಕೆಟ್ ಆದರೆ ಅದು ಆ ಒಂದೇ ಫೋನಿಗೆ ಕಟ್ಟಿರುತ್ತದೆ. ಸ್ಕ್ರೀನ್‌ಶಾಟ್ ನಡೆಯುವುದಿಲ್ಲ. ಕೆಲವು ಆ್ಯಪ್‌ಗಳಲ್ಲಿ ‘ಪ್ರವೇಶ’ದ ಗುಂಡಿಯನ್ನು ಬಾಗಿಲಿನ ಸಿಬ್ಬಂದಿಯೇ ಒತ್ತಬೇಕು. ಕುತೂಹಲಕ್ಕೆ ನೀವೇ ಒತ್ತಿದರೆ ಟಿಕೆಟ್ ಹರಿದ ಹಾಗೆ.

ಊರಿನಿಂದ ಹೊರಡುವುದು

ಭಾರತೀಯರಿಗೆ 2024ರ ಏಪ್ರಿಲ್‌ನಿಂದ ಪ್ರವಾಸದ ಇ-ವೀಸಾ ಉಂಟು, ಅರ್ಜಿ ವಿಎಫ್‌ಎಸ್ ಎಂಬ ವೀಸಾ ಅರ್ಜಿ ಕಂಪೆನಿಯ ಕೇಂದ್ರದ ಮೂಲಕ. ವಿಮಾನ ನಿಲ್ದಾಣದಲ್ಲಿ ಆ ವೀಸಾವನ್ನು ಇಂಟರ್‌ನೆಟ್ ಇರುವ ಫೋನಿನಲ್ಲಿ ಜಾಲತಾಣ ತೆರೆದೇ ತೋರಿಸಬೇಕು, ಪ್ರಿಂಟ್ ತೆಗೆದ ಹಾಳೆ, ಪಿಡಿಎಫ್ ಆಗುವುದಿಲ್ಲ. ಬೆಂಗಳೂರಿನಿಂದ ಟೋಕಿಯೋದ ನರಿತಾ ವಿಮಾನ ನಿಲ್ದಾಣಕ್ಕೆ ನೇರ ವಿಮಾನ ಉಂಟು. ಬಜಪೆಯಿಂದ ಬೆಂಗಳೂರಿಗೆ ಹಾರಿದರೆ ಒಳ್ಳೆಯದೇ. ಬಸ್ಸು, ರೈಲಿನಲ್ಲಿ ಹೋಗುವುದಾದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ಇಡೀ ದಿನ ಕೈಯಲ್ಲಿಟ್ಟುಕೊಳ್ಳಿ. ಶಿರಾಡಿಯಲ್ಲಿ ಗುಡ್ಡ ಜರಿದರೆ ಬಸ್ಸು ನಿಲ್ಲುತ್ತದೆ, ಸುಬ್ರಹ್ಮಣ್ಯ ರೋಡ್–ಸಕಲೇಶಪುರ ನಡುವೆ ಜರಿದರೆ ರೈಲೂ ನಿಲ್ಲುತ್ತದೆ. ಕಾರ್ಯಕ್ರಮದ ಹಿಂದಿನ ದಿನವಾದರೂ ಟೋಕಿಯೋ ಮುಟ್ಟಿರಬೇಕು. ಸಸ್ಯಾಹಾರಿಗಳು ಕಟ್ಟಿಕೊಂಡು ಹೋಗಲು ಚಕ್ಕುಲಿ, ಬಾಳೆಕಾಯಿ ಚಿಪ್ಸ್ ಸಾಕು. ಮಾಂಸದ ತಿಂಡಿ, ತಾಜಾ ಹಣ್ಣು ಬ್ಯಾಗಿನಲ್ಲಿ ಬೇಡ. ಅಲ್ಲಿನ ಸಾರಿನಲ್ಲಿ, ನೂಡಲ್ಸ್‌ನಲ್ಲಿ ತರಕಾರಿಯಷ್ಟೇ ಕಂಡರೂ ಬೇಸು ಹೆಚ್ಚಾಗಿ ಒಣಮೀನಿನದು.

ಊರಿನ ಸಿಮ್ ಫೋನಿನಲ್ಲೇ ಇರಲಿ, ರೋಮಿಂಗ್‌ನಲ್ಲಿ ಎಸ್‌ಎಂಎಸ್ ಬರುವ ಹಾಗೆ ಮಾಡಿಕೊಳ್ಳಿ. ಬ್ಯಾಂಕಿನ ಓಟಿಪಿ ಬರುವುದು ಅದಕ್ಕೇ.

ಆ ಸಂಜೆ

ಟಿಕೆಟಿನಲ್ಲಿ ಎರಡು ಸಮಯ ಇರುತ್ತದೆ: ಓಪನ್ 18.00, ಸ್ಟಾರ್ಟ್ 18.30 ಎಂಬಂತೆ. ಸ್ಟಾರ್ಟ್ ಎಂದರೆ ಸ್ಟಾರ್ಟ್, ಮುಖ್ಯ ಅತಿಥಿಗಳಿಗೆ ಕಾಯುವ ಪದ್ಧತಿ ಇಲ್ಲ ಮಾರಾಯ್ರೇ. ಓಪನ್‌ಗೆ 15–20 ನಿಮಿಷ ಮೊದಲು ಹಾಲ್‌ನ ಹೊರಗಿರಿ. ಅದಕ್ಕೂ ಮೊದಲು ಹೋಗಿ ಸಾಲು ಹಚ್ಚಿದರೆ ಪ್ರಯೋಜನವಿಲ್ಲ, ನೆರೆಮನೆಯವರಿಗೆ ಕಿರಿಕಿರಿ ಎಂದು ಸಿಬ್ಬಂದಿ ಚದುರಿಸುತ್ತಾರೆ. ಇದು ಡಾಕ್ಟರ ಶಾಪಿನ ಟೋಕನಿನ ಹಾಗೆ: ಬೇಗ ಬಂದವರಿಗಲ್ಲ, ನಂಬರಿನವರಿಗೆ.

ಕರೆಯುವುದು ಜಪಾನಿಯಲ್ಲಿ, ಐದೈದಾಗಿಯೋ ಹತ್ತತ್ತಾಗಿಯೋ. ಎಣಿಕೆ ಬಾಯಿಪಾಠ ಮಾಡಿಕೊಳ್ಳಿ: ಇಚಿ, ನಿ, ಸಾನ್, ಯೋನ್, ಗೋ, ರೊಕು, ನಾನಾ, ಹಾಚಿ, ಕ್ಯೂ, ಜೂ. 37 ಎಂದರೆ ‘ಸಾನ್‌ಜೂ ನಾನಾ’, ಮೂರು ಹತ್ತು ಏಳು. ಕೊನೆಗೆ ‘ಬಾನ್’ ಸೇರುತ್ತದೆ. ನಂಬರಿನ ಮುಂದೆ ಎ, ಬಿ ಅಕ್ಷರವಿದ್ದರೆ ಎ ಸರಣಿ ಮುಗಿದ ಮೇಲೆ ಬಿ. ನಿಮ್ಮ ನಂಬರು ದಾಟಿಹೋದರೂ ಒಳಗೆ ಬಿಡುತ್ತಾರೆ, ಜಾಗ ಮಾತ್ರ ಹೋಯಿತು. ತೈಬಾನ್ ಆದರೆ ಬಾಗಿಲಲ್ಲಿ ಇನ್ನೊಂದು ಪ್ರಶ್ನೆ ಬರುತ್ತದೆ: ಇವತ್ತು ಯಾರನ್ನು ನೋಡಲು ಬಂದಿರಿ? ಇದು ಕುಶಲೋಪರಿಯಲ್ಲ, ಯಾವ ಬ್ಯಾಂಡಿಗೆ ಎಷ್ಟು ಜನ ಬಂದರೆಂದು ಗೀಟು ಹಾಕಿ ಲೆಕ್ಕ ಮಾಡುತ್ತಾರೆ. ಬ್ಯಾಂಡಿನ ಹೆಸರನ್ನು ಸ್ಪಷ್ಟವಾಗಿ ಹೇಳಿ.

ಅಲ್ಲೇ 600 ಯೆನ್‌ನಷ್ಟು ಡ್ರಿಂಕ್ ಚಾರ್ಜ್ ಕೊಡಬೇಕು, ಇದು ಟಿಕೆಟಿನ ಹೊರಗೆ, ನಗದು. ಲೈವ್ ಹೌಸ್‌ಗಳು ನಡೆಯುವುದು ಊಟ-ತಿಂಡಿಯ ಹೋಟೆಲಿನ ಪರವಾನಗಿಯಲ್ಲಿ, ಅದಕ್ಕೇ ಈ ಕಡ್ಡಾಯ. 1000 ಯೆನ್ ನೋಟು ಇಟ್ಟುಕೊಳ್ಳಿ, 10000ದ ನೋಟು ಚಾಚಿ ಹಿಂದಿನವರನ್ನು ಕಾಯಿಸಬೇಡಿ. ಬದಲಿಗೆ ಒಂದು ಪ್ಲಾಸ್ಟಿಕ್ ಬಿಲ್ಲೆಯೋ ಚೀಟಿಯೋ ಸಿಗುತ್ತದೆ. ಅದನ್ನು ಮುಚ್ಚಳವಿರುವ ನೀರಿನ ಬಾಟಲಿಗೆ ಬದಲಾಯಿಸುವುದೇ ಬುದ್ಧಿವಂತಿಕೆ. ಬಿಯರ್ ಗ್ಲಾಸು ಹಿಡಿದು ಎದುರು ಸಾಲಿಗೆ ಹೋದರೆ ಮೊದಲ ಹಾಡಿಗೇ ಅದು ಎದುರಿನವರ ಬೆನ್ನ ಮೇಲೆ. ಸಣ್ಣ ನಂಬರಿದ್ದರೆ ಬಿಲ್ಲೆ ಕಿಸೆಗೆ ಹಾಕಿ ಸೀದಾ ಎದುರಿಗೆ ನಡೆಯಿರಿ, ಮುಗಿದ ಮೇಲೆ ಕೊಟ್ಟರೂ ಆಗುತ್ತದೆ.

ಬ್ಯಾಗು ಒಳಗೆ ತರಲೇಬೇಡಿ. ಹಾಲ್‌ನ ಲಾಕರ್‌ಗಳು ಬೇಗ ತುಂಬುತ್ತವೆ, 100 ಯೆನ್‌ನ ನಾಣ್ಯಗಳನ್ನೇ ಕೇಳುತ್ತವೆ, ಮೂರರಿಂದ ಐದು ಬೇಕು. ರೈಲು ನಿಲ್ದಾಣದ ಲಾಕರಿನಲ್ಲೇ ಇಟ್ಟು ಬರುವುದು ಸುಲಭ. ಚಳಿಗಾಲದಲ್ಲಿ ಜಾಕೆಟನ್ನೂ ಅಲ್ಲೇ ಬಿಡಿ, ಒಳಗಿನ ಸೆಕೆ ಮೇ ತಿಂಗಳ ಹಂಪನಕಟ್ಟೆಗೆ ಕಡಿಮೆಯಿಲ್ಲ.

ಎಲ್ಲಿ ನಿಲ್ಲಬೇಕು ಎಂಬುದರಲ್ಲಿ ಎರಡು ಪಂಗಡ. ಎದುರು ನಿಂತರೆ ಗಿಟಾರಿಸ್ಟಿನ ಕಾಲ ಬುಡದ ಪೆಡಲ್ಲೂ ಕಾಣುತ್ತದೆ, ಆದರೆ ಹಾಡು ಸರಿಯಾಗಿ ಕೇಳುವುದಿಲ್ಲ. ದನಿ ಬರುವ ದೊಡ್ಡ ಸ್ಪೀಕರ್‌ಗಳು ವೇದಿಕೆಯ ಎರಡು ಬದಿಯಲ್ಲಿದ್ದು ನಿಮ್ಮನ್ನು ದಾಟಿ ಹಿಂದಕ್ಕೆ ಮುಖ ಮಾಡಿರುತ್ತವೆ. ನಿಮಗೆ ತಾಗುವುದು ಡ್ರಮ್ಮು ಮತ್ತು ಎದುರಿನ ಆ್ಯಂಪ್. ಸಾಹಿತ್ಯ ಕೇಳಬೇಕೆಂದರೆ ಹಿಂದೆ, ಸೌಂಡ್ ಮಿಕ್ಸರಿನ ಎದುರಿಗೆ ನಿಲ್ಲಿ, ಆ ಸಂಜೆಯ ಧ್ವನಿಯನ್ನು ಹದ ಮಾಡುವವರು ಕೇಳುತ್ತಿರುವುದು ಅಲ್ಲಿಂದಲೇ. ನಮ್ಮ ಮತ? ಮೊದಲ ಸಲ ಎದುರು, ಎರಡನೆಯ ಸಲ ಹಿಂದೆ. ಪ್ರೇಕ್ಷಕರ ಬಲಗೈ ಬದಿಗೆ ‘ಕಾಮಿತೆ’, ಎಡಕ್ಕೆ ‘ಶಿಮೊತೆ’ ಎನ್ನುತ್ತಾರೆ. ಮೆಚ್ಚಿನ ವಾದಕರು ಯಾವ ಕಡೆ ನಿಲ್ಲುತ್ತಾರೆಂದು ವಿಡಿಯೋ ನೋಡಿ ಮೊದಲೇ ತಿಳಿದುಕೊಳ್ಳಿ. ಕ್ವಾತ್ರೋದಲ್ಲಿ ಕಂಬಗಳಿವೆ, ಕಾಲಿಟ್ಟ ಕೂಡಲೇ ಅವು ಎಲ್ಲಿವೆ ನೋಡಿ.

ಕಿವಿಯ ಬಗ್ಗೆ ಅಸಡ್ಡೆ ಬೇಡ. ಅಮೆರಿಕದ ಕೆಲಸಗಾರರ ಆರೋಗ್ಯ ಸಂಸ್ಥೆ ನಯೋಶ್‌ನ ಲೆಕ್ಕದಲ್ಲಿ 85 ಡೆಸಿಬೆಲ್‌ನಲ್ಲಿ 8 ಗಂಟೆ ಇರಬಹುದು, 100ರಲ್ಲಿ 15 ನಿಮಿಷ ಮಾತ್ರ. ಸಣ್ಣ ಕೋಣೆಯ ರಾಕ್ ಆ ನೂರನ್ನು ಸುಲಭವಾಗಿ ಮುಟ್ಟುತ್ತದೆ. ಮೆಡಿಕಲ್ ಶಾಪಿನ ಸ್ಪಂಜಿನ ಇಯರ್‌ಪ್ಲಗ್ಗೂ ಆದೀತು. ಬೆರಳಲ್ಲಿ ಬತ್ತಿಯ ಹಾಗೆ ಹೊಸೆದು, ಇನ್ನೊಂದು ಕೈಯಲ್ಲಿ ಕಿವಿಯನ್ನು ಮೇಲಕ್ಕೆ ಎಳೆದು ಒಳಗಿಟ್ಟು, ಅರಳುವ ತನಕ ಅರ್ಧ ನಿಮಿಷ ಒತ್ತಿ ಹಿಡಿಯಬೇಕು. ಸುಮ್ಮನೆ ತುರುಕಿದರೆ ಕೆಳಗೆ ಬೀಳುತ್ತದೆ. ಅದರಲ್ಲಿ ಸಿಂಬಲ್‌ನ ಹೊಳಪು ಮಂಕಾಗುತ್ತದೆ. ಸಂಗೀತಗಾರರಿಗೆಂದೇ ಮಾಡಿದ ಫಿಲ್ಟರ್ ಇರುವ ಪ್ಲಗ್ಗಿನಲ್ಲಿ ಆ ದೋಷ ಕಡಿಮೆ.

ಫೋಟೋ, ವಿಡಿಯೋ ಇಲ್ಲ. ಬ್ಯಾಂಡಿನವರೇ ತೆಗೆಯಿರಿ ಎಂದರೆ ಮಾತ್ರ. ಹಾಡುಗಳ ನಡುವೆ ಬ್ಯಾಂಡಿನವರು ಮಾತಾಡುವಾಗ ಹಾಲ್ ಸೂಜಿ ಬಿದ್ದರೂ ಕೇಳುವಷ್ಟು ಮೌನವಾಗುತ್ತದೆ, ಅದು ಬೇಸರವಲ್ಲ, ಮರ್ಯಾದೆ. ಕೊನೆಯ ಹಾಡಿನ ಮೇಲೆ ಎಲ್ಲರೂ ತಾಳ ಹಿಡಿದ ಹಾಗೆ ಒಂದೇ ಸಮನೆ ಚಪ್ಪಾಳೆ ತಟ್ಟುತ್ತಾರೆ, ಎನ್‌ಕೋರ್, ಅಂದರೆ ಇನ್ನೂ ಹಾಡಿ ಎಂದು ಕೇಳುವ ಕ್ರಮ ಅದು. ದೀಪ ಹತ್ತಿ ರೆಕಾರ್ಡ್ ಮಾಡಿದ ಹಾಡು ಬಂದರೆ ಮುಗಿಯಿತು.

ಟೀ ಶರ್ಟು, ಟವೆಲು ಬೇಕಾದರೆ ಶುರುವಾಗುವ ಮೊದಲೇ ಕೊಳ್ಳಿ, ನಿಮ್ಮ ಅಳತೆ ಮೊದಲು ಮುಗಿಯುತ್ತದೆ. ಇಲ್ಲಿ ಎಲ್ ಹಾಕುವವರು ಅಲ್ಲಿ ಎಕ್ಸೆಲ್ ನೋಡಬೇಕು. ಸಣ್ಣ ಬ್ಯಾಂಡಾದರೆ ಮುಗಿದ ಮೇಲೆ ಅವರೇ ಮೇಜಿನ ಹಿಂದೆ ನಿಂತಿರುತ್ತಾರೆ. ಒಂದು ಸಿಡಿ ಕೊಂಡು, ‘ಶಾಶಿನ್ ಈ ದೆಸು ಕಾ’ ಎಂದು ಕೇಳಿದರೆ ಒಟ್ಟಿಗೆ ಫೋಟೋಗೆ ನಿಂತಾರು, ತಲೆಯಾಡಿಸಿ ಬೇಡವೆಂದರೆ ಅಷ್ಟಕ್ಕೇ ಬಿಡಿ. ಸಾಮಾನ್ಯವಾಗಿ 9, 9.30ಕ್ಕೆ ಎಲ್ಲ ಮುಗಿದಿರುತ್ತದೆ. ಟೋಕಿಯೋದ ಕೊನೆಯ ರೈಲು ಮಧ್ಯರಾತ್ರಿಯ ಆಸುಪಾಸು, ಆಮೇಲೆ ಬೆಳಗಿನ ಐದರವರೆಗೆ ರೈಲಿಲ್ಲ. ಶಿಮೊಕಿತಾಝಾವಾದಿಂದ ಶಿಂಜುಕುಗೆ ಒದಾಕ್ಯೂ ಲೈನು, ಶಿಬುಯಾಗೆ ಇನೊಕಾಶಿರಾ ಲೈನು.

ಆಗಸ್ಟ್‌ನಿಂದ ಅಕ್ಟೋಬರ್ ತನಕ ಚಂಡಮಾರುತದ ಕಾಲ. ಕಾರ್ಯಕ್ರಮ ರದ್ದಾದರೆ ದುಡ್ಡು ವಾಪಸು ಸಿಗುತ್ತದೆ, ಆದರೆ ಗೊತ್ತುಪಡಿಸಿದ ದಿನಗಳೊಳಗೆ ಕೇಳಬೇಕು, ಕಾಗದದ ಟಿಕೆಟ್ ಆದರೆ ಅದು ಕೈಯಲ್ಲಿರಬೇಕು. ನೆನಪಿಗೆಂದು ಹೋಟೆಲಿನಲ್ಲಿ ಕೂತು ಡೈರಿಗೆ ಅಂಟಿಸಿಬಿಡಬೇಡಿ.