ಲಾಗೋಸ್‌ಗೆ ಹೊಸದಾಗಿ ಬರೋ ಕನ್ನಡದೋರಿಗೆ: ಎಣ್ಣೆ ಇದೆ, ಕರೆಂಟ್ ಇಲ್ಲ

ಬಂದೋರೆಲ್ಲ ಮೊದಲು ಕೇಳೋದು ಇದನ್ನೇ, ನೈಜೀರಿಯಾದಂಥ ಇಷ್ಟು ಪೆಟ್ರೋಲಿಯಂ ಇರೋ ದೇಶದಲ್ಲಿ ಯಾಕ್ರೀ ಇಡೀ ದಿನ ಜನರೇಟರ್ ಸದ್ದು ಅಂತ. ಪಕ್ಕದಲ್ಲೇ ಯಾರಾದ್ರೂ ಹಳಬ್ರು "ಈ ಜನಾನೇ ಹಂಗೆ ಬಿಡಿ" ಅಂತಾರೆ, ಅವ್ರ ಮಾತು ಕೇಳ್ಬೇಡಿ. ಕದ್ದಿದ್ದು ಮೇಲೆ ಕೂತೋರು, ಕತ್ತಲಲ್ಲಿ ಕೂತಿರೋದು ಈ ಜನ.

1956ರಲ್ಲಿ ನೈಜರ್ ನದಿ ಡೆಲ್ಟಾದ ಓಲೋಯಿಬಿರಿ ಅನ್ನೋ ಊರಲ್ಲಿ ಎಣ್ಣೆ ಸಿಕ್ತು. ಆಮೇಲೆ ದೇಶ ಆಳಿದೋರಲ್ಲಿ ಅಬಾಚಾ ಹೆಸರು ದಿನಾ ಕೇಳ್ತೀರ, 1998ರಲ್ಲಿ ಸತ್ತ ಮಿಲಿಟರಿ ಸರ್ವಾಧಿಕಾರಿ, ಅವನು ಹೊರದೇಶದಲ್ಲಿ ಬಚ್ಚಿಟ್ಟ ದುಡ್ಡು ಇಪ್ಪತ್ತು ವರ್ಷ ಆದ್ಮೇಲೂ ಕಂತು ಕಂತಾಗಿ ವಾಪಸ್ ಬರ್ತಾನೇ ಇತ್ತು, ಸ್ವಿಟ್ಜರ್ಲೆಂಡ್ ಒಂದೇ ನೂರಾರು ಮಿಲಿಯನ್ ಡಾಲರ್ ಕೊಟ್ಟಿದೆ. ಅವನ ಕಾಲದಲ್ಲೇ 1995ರ ನವೆಂಬರ್ 10ಕ್ಕೆ ಕೆನ್ ಸಾರೋ ವಿವಾ ಅನ್ನೋ ಲೇಖಕರನ್ನ ಇನ್ನೂ ಎಂಟು ಜನರ ಜೊತೆ ಗಲ್ಲಿಗೆ ಹಾಕಿದ್ರು, ಅದೇ ಡೆಲ್ಟಾದ ಓಗೋನಿ ಜನರ ನೀರು ನೆಲ ಎಣ್ಣೆಯಿಂದ ಹಾಳಾಗ್ತಿದೆ ಅಂತ ಹೋರಾಡಿದೋರು ಅವ್ರು. ವಿಶ್ವಸಂಸ್ಥೆಯೋರು ಪರೀಕ್ಷೆ ಮಾಡಿ 2011ರಲ್ಲಿ ಕೊಟ್ಟ ವರದಿ ಪ್ರಕಾರ ಅಲ್ಲಿ ಒಂದೂರಿನ ಕುಡಿಯೋ ಬಾವಿ ನೀರಲ್ಲಿ ಕ್ಯಾನ್ಸರ್ ತರೋ ಬೆಂಝೀನ್ ಮಿತಿಗಿಂತ 900 ಪಟ್ಟು ಜಾಸ್ತಿ ಇತ್ತು.

ಪ್ರಜಾಪ್ರಭುತ್ವ ಬಂದ್ಮೇಲೆ ಸರಿ ಹೋಯ್ತಾ? 2014ರಲ್ಲಿ ಸೆಂಟ್ರಲ್ ಬ್ಯಾಂಕ್ ಗವರ್ನರ್ ಸನುಸಿ, ಎಣ್ಣೆ ದುಡ್ಡು ಬಿಲಿಯನ್‌ಗಟ್ಟಲೆ ಡಾಲರ್ ಖಜಾನೆಗೇ ಬಂದಿಲ್ಲ ಅಂದ್ರು, ಸಸ್ಪೆಂಡ್ ಆಗಿದ್ದು ಅವ್ರೇ. ಬಳ್ಳಾರಿ ಅದಿರಿನ ಕತೆ ನೋಡಿದ ನಮಗೆ ಇದೇನು ಹೊಸದಲ್ಲ ಬಿಡಿ. ಸರ್ಕಾರಿ ರಿಫೈನರಿಗಳು ಕೆಟ್ಟು ಕೂತಿದ್ವು, ಕಚ್ಚಾ ತೈಲ ಕಳಿಸಿ ಪೆಟ್ರೋಲ್ ತರಿಸ್ಕೊಳ್ತಿದ್ರು, ಆ ಸಬ್ಸಿಡಿಲೂ ನುಂಗೋರು ನುಂಗಿದ್ರು, 2023ರ ಮೇನಲ್ಲಿ ಹೊಸ ಅಧ್ಯಕ್ಷ ತಿನುಬು ಸಬ್ಸಿಡಿ ತೆಗೆದ್ರು, ಬೆಲೆ ಕೆಲವೇ ದಿನದಲ್ಲಿ ಎರಡು ಪಟ್ಟಿಗಿಂತ ಜಾಸ್ತಿ, ಮುಂದಿನ ತಿಂಗಳು ಇಲ್ಲಿನ ಕರೆನ್ಸಿ ನೈರಾನೂ ಬಿತ್ತು. ಆದ್ರಿಂದ ಸಂಬಳ ನೈರಾದಲ್ಲೋ ಡಾಲರಲ್ಲೋ ಅಂತ ಬರೋ ಮುಂಚೆನೇ ಲೆಟರಲ್ಲಿ ಬರೆಸ್ಕೊಳ್ಳಿ, ಬಾಯಿ ಮಾತು ನಂಬ್ಬೇಡಿ. ಜನರೇಟರ್ ಡೀಸೆಲ್ ಖರ್ಚು ಯಾರದು ಅಂತಾನೂ ಮೊದಲೇ ಕೇಳಿ.

ಇನ್ನು ಪೊಲೀಸ್. ರಸ್ತೆಯಲ್ಲಿ ತಡೆದು "ಓಗಾ, ಎನಿಥಿಂಗ್ ಫಾರ್ ದ ಬಾಯ್ಸ್" ಅಂತ ನಗ್ತಾ ದುಡ್ಡು ಕೇಳ್ತಾರೆ, ಓಗಾ ಅಂದ್ರೆ ಬಾಸ್. ಕಾರಿನ ಒಳಗಿನ ಲೈಟ್ ಹಾಕಿ, ಕೈ ಕಾಣೋ ಹಾಗೆ ಇಟ್ಕೊಳ್ಳಿ, ಮಾತು ಡ್ರೈವರ್‌ಗೆ ಬಿಡಿ, ಗಾಡಿ ಪೇಪರ್ರು, ಪಾಸ್‌ಪೋರ್ಟ್ ಕಾಪಿ, ಸೆರ್ಪ್ಯಾಕ್ ಅಂದ್ರೆ ರೆಸಿಡೆನ್ಸ್ ಪರ್ಮಿಟ್ ಯಾವಾಗ್ಲೂ ಜೊತೆಗಿರ್ಲಿ. ಪಾಸ್‌ಪೋರ್ಟನ್ನ ಕಂಪನಿಯೋರು ಲಾಕರಲ್ಲಿ ಇಡ್ತೀವಿ ಅಂದ್ರೆ ಕೊಡ್ಬೇಡಿ, ಕೊಟ್ಟು ಒದ್ದಾಡಿದೋರನ್ನ ನೋಡಿದೀನಿ. ನಮಗೆ ಆಗೋದು ಬರೀ ಕಿರಿಕಿರಿ, ಇಲ್ಲಿನ ಹುಡುಗ್ರಿಗೆ ಇದೇ ಪೊಲೀಸರಿಂದ ಜೀವಕ್ಕೇ ಅಪಾಯ. ದರೋಡೆ ತಡೆಯೋಕೆ ಅಂತ ಮಾಡಿದ ಸಾರ್ಸ್ ದಳ ಲ್ಯಾಪ್‌ಟಾಪ್ ಹಿಡಿದ ಹುಡುಗ್ರನ್ನೆಲ್ಲ ಹಿಡಿದು ಹೊಡೆದು ದುಡ್ಡು ಕೀಳ್ತಿತ್ತು, ಅದಕ್ಕೇ 2020ರ ಅಕ್ಟೋಬರಲ್ಲಿ ಜನ ಬೀದಿಗೆ ಬಂದ್ರು, 20ನೇ ತಾರೀಕು ಲಾಗೋಸಿನ ಲೆಕ್ಕಿ ಟೋಲ್ ಗೇಟಲ್ಲಿ ಬಾವುಟ ಹಿಡಿದು ಕೂತೋರ ಮೇಲೆ ಸೈನ್ಯ ಗುಂಡು ಹಾರಿಸ್ತು. ರಾಜ್ಯ ಸರ್ಕಾರವೇ ನೇಮಿಸಿದ ಸಮಿತಿ ಅದನ್ನ ಹತ್ಯಾಕಾಂಡ ಅನ್ನಬಹುದು ಅಂತ ವರದಿ ಕೊಡ್ತು, ಸರ್ಕಾರ ಒಪ್ಲಿಲ್ಲ.

ಆಫೀಸಲ್ಲಿ ಈ ವಿಷಯ ನೀವಾಗೇ ಎತ್ಬೇಡಿ, ಅವ್ರು ಹೇಳಿದ್ರೆ ಕೂತು ಕೇಳಿ. ಅಕ್ಟೋಬರ್ 20ರ ಆಸುಪಾಸು ಲೆಕ್ಕಿ ಕಡೆ ಕೆಲಸ ಇದ್ರೆ ದಾರಿ ಹೇಗಿದೆ ಅಂತ ವಿಚಾರಿಸ್ಕೊಂಡೇ ಹೊರಡಿ, ನೆನಪು ಮಾಡೋಕೆ ಜನ ಸೇರೋದುಂಟು, ಪೊಲೀಸ್ರೂ ಬಂದಿರ್ತಾರೆ, ಫೋನಲ್ಲಿ ವಿಡಿಯೋ ಮಾಡ್ತಾ ಮಾತ್ರ ನಿಂತ್ಕೋಬೇಡಿ.